ಹೂವಯ್ಯನವರು ಹೋದರು

ನಾನು ಸಾಫ್ಟ್‌ವೇರ್ ಇಂಜಿನಿಯರ್ ಅಲ್ಲ ಎಂಬ ವಿಷಯ ಕೋಣಂದೂರಿನಲ್ಲಿ ನನ್ನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ. ಪಹಣಿ ತೆಗೆಯುವುದು, ಅರ್ಜಿ ತುಂಬುವುದು, ಜೆರಾಕ್ಸ್, ಲಗ್ನಪತ್ರಿಕೆ, ಇಷ್ಟೇ ಕೆಲಸ. ಇದರ ನಡುವೆ ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಕಲಿತ ಮೇಲೆ ಸುಮ್ಮನಿರಬೇಕಿತ್ತು. ಸುಮ್ಮನಿರದೆ ಬೋರ್ಡು ಬದಲಾಯಿಸಿದೆ: "ಜಟ್ಟಿಂಗಪ್ಪ ಸಾಫ್ಟ್‌ವೇರ್ಸ್. ಹಾರ್ಡ್‌ವೇರ್ ಬದಲಾದಂತೆ ತಾನೂ ಬದಲಾಗುವ ಸಾಫ್ಟ್‌ವೇರ್ ಇಲ್ಲಿ ದೊರೆಯುತ್ತದೆ."

ನನ್ನ ಪಕ್ಕದ್ದೇ ಹೂವಯ್ಯ ಗೌಡರ ಹಾರ್ಡ್‌ವೇರ್ ಅಂಗಡಿ. ಮೊಳೆ, ತಗಡು, ಪೈಪು, ಪಂಪಿನ ಸಾಮಾನು ಅಲ್ಲಿ ಸಿಗುತ್ತದೆ. ಬೋರ್ಡು ಓದಿದವರು, ಗೌಡರು ಅಂಗಡಿ ಬದಲಾಯಿಸಿದರೆ ಅವರ ಹಿಂದೆಯೇ ನಾನೂ ಗಂಟುಮೂಟೆ ಕಟ್ಟುತ್ತೇನೆಂದು ತಿಳಿದರು. ಆನಂದಪುರದಿಂದ ಬಂದವರೊಬ್ಬರು ಗೌಡರಲ್ಲಿ ಪೈಪಿನ ಬೆಂಡು ಕೊಂಡು ನನ್ನ ಮೇಜಿನ ಮೇಲಿಟ್ಟು, "ಇದು ಸ್ವಲ್ಪ ಟೈಟಾಗ್ತದೆ, ಸಾಫ್ಟ್ ಮಾಡಿ ಕೊಡಿ" ಎಂದರು. ನಾನು ಉಪ್ಪುಕಾಗದ ಹಾಕಿ ತಿಕ್ಕಿ ಕೊಟ್ಟೆ. ನನ್ನ ಸಾಫ್ಟ್‌ವೇರ್ ಬದುಕಿನ ಮೊದಲ ಗ್ರಾಹಕರು ಅವರೇ.

ಆದರೆ ಬೋರ್ಡಿನಲ್ಲಿದ್ದದ್ದು ಸುಳ್ಳಲ್ಲ. ನಮ್ಮೂರಿನಲ್ಲಿ ನೆಟ್ ಬಂದರೆ ಬಂತು, ಹೋದರೆ ಹೋಯಿತು. ಪಹಣಿ ಅರ್ಧ ಪ್ರಿಂಟಾದಾಗ ಕೇಬಲ್ ನೆಟ್ ಕೈಕೊಡುತ್ತದೆ. ಆಗ ನಾನು ಅಕ್ಕಪಕ್ಕದವರ ಮೊಬೈಲ್ ಹಾಟ್‌ಸ್ಪಾಟಿಗೆ ಕೈಚಾಚಬೇಕು. ಗೌಡರದ್ದೊಂದು, ಅವರ ಹೆಂಡತಿ ಶಾಂತಮ್ಮನವರದ್ದೊಂದು, ಎದುರು ಹೋಟೆಲಿನ ಕೆರಿಯಪ್ಪನದ್ದೊಂದು. ಮೂವರೂ ತಮ್ಮ ಹಾಟ್‌ಸ್ಪಾಟಿಗೆ ತಮ್ಮ ಹೆಸರನ್ನೇ ಇಟ್ಟಿದ್ದರು. ಒಂದು ಹೋದ ಕೂಡಲೆ ಇನ್ನೊಂದನ್ನು ತಾನೇ ಹುಡುಕಿ ಹಿಡಿಯುವ ಪ್ರೋಗ್ರಾಮೊಂದನ್ನು ನಾನು ಬರೆದೆ. ಪ್ರಿಂಟರ್ ಸಿಕ್ಕಿಸಿದರೆ ಬಂತೆಂದೂ ಪೆನ್‌ಡ್ರೈವ್ ಕಿತ್ತರೆ ಹೋಯಿತೆಂದೂ ಅದು ಬಾಯಿಬಿಟ್ಟು ಹೇಳುತ್ತಿತ್ತು. ಹತ್ತಿರದಲ್ಲಿ ಯಾವ ಸ್ಪೀಕರ್ ಜೋರಾಗಿದೆಯೋ ಅದನ್ನೇ ಆರಿಸಿಕೊಂಡು ಹೇಳುತ್ತಿತ್ತು. ಅದಕ್ಕೆ 'ಸಮಯಪ್ರಜ್ಞೆ' ಎಂದು ಹೆಸರಿಟ್ಟೆ. "ಒಳ್ಳೇದಾಯ್ತು, ಮನೇಲಿ ಒಬ್ಬರಿಗಾದ್ರೂ ಇರ್ಲಿ" ಎಂದಳು ನನ್ನ ಹೆಂಡತಿ ಭವ್ಯಾ.

ಕಂಪ್ಯೂಟರಿನ ಕನ್ನಡ ದನಿ ನೆಗಡಿಯಾದವರ ಹಾಗಿದ್ದುದರಿಂದ ನನ್ನ ದನಿಯನ್ನೇ ಅದರಲ್ಲಿ ತುಂಬಿದೆ. ನನ್ನ ದನಿ ಊರಿಗೆ ಹೊಸದಲ್ಲ. ನೀರು ಬಿಡದ ದಿನ, ಕರೆಂಟ್ ತೆಗೆಯುವ ದಿನ, ಸಂಘದ ಮಹಾಸಭೆ, ಯಾರದಾದರೂ ಶ್ರದ್ಧಾಂಜಲಿ ಸಭೆ, ಇವನ್ನೆಲ್ಲ ನಿಶಾಂತ್ ತನ್ನ ಆಟೊಗೆ ಹಾರ್ನ್ ಕಟ್ಟಿಕೊಂಡು ಊರೂರು ಸಾರುತ್ತಾನೆ. ಆ ಮಾತುಗಳನ್ನು ರೆಕಾರ್ಡ್ ಮಾಡಿ ಅವನ ಆಟೊದ ಆಂಪ್ಲಿಫಯರಿಗೆ ಬ್ಲೂಟೂತಿನಲ್ಲಿ ಕಳಿಸುವವನು ನಾನು. ಜನರಿಗೆ ನನ್ನ ಮುಖದ ಮೇಲೆ ಇಲ್ಲದ ನಂಬಿಕೆ ನನ್ನ ದನಿಯ ಮೇಲಿತ್ತು.

ಮೊದಮೊದಲು ನನ್ನ ಪ್ರೋಗ್ರಾಮ್ "ಹೂವಯ್ಯ ಬಂತು", "ಹೂವಯ್ಯ ಹೋಯಿತು" ಎನ್ನುತ್ತಿತ್ತು. ಒಂದು ದಿನ ಗೌಡರು ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡರು.

"ಎಂತದಾ ಅದು, ಹೂವಯ್ಯ ಬಂತು ಅಂತದೆ? ನಾನೇನು ದನನಾ, ಕೊಟ್ಟಿಗೆಗೆ ಬರಕ್ಕೆ?"

ಅಂದೇ ತಿದ್ದಿದೆ. ಯಂತ್ರಗಳಿಗೆ ಹೇಗಾದರೂ ಇರಲಿ, ಮನುಷ್ಯರಿಗೆ ಬಹುವಚನ. ಹೂವಯ್ಯನವರು ಬಂದರು. ಹೂವಯ್ಯನವರು ಹೋದರು. ಸಿಗ್ನಲ್ ಕಡಿಮೆಯಾದರೆ, ಹೂವಯ್ಯನವರು ಕ್ಷೀಣವಾಗಿದ್ದಾರೆ. ಬೇರೆಯವರ ನೆಟ್ ಸಿಕ್ಕಿದರೆ, ಇಂಥವರನ್ನು ಹಿಡಿದುಕೊಂಡಿದ್ದೇನೆ. ವ್ಯಾಕರಣದಲ್ಲಿ ತಪ್ಪು ಹುಡುಕುವವರಿಗೆ ಇದರಲ್ಲಿ ಇವತ್ತಿಗೂ ಏನೂ ಸಿಗುವುದಿಲ್ಲ.

ಗೌಡರಿಗೆ ಮರ್ಯಾದೆ ಕೊಡಲು ಇನ್ನೊಂದು ಕಾರಣವಿತ್ತು. ನಮ್ಮ ಪತ್ತಿನ ಸಂಘಕ್ಕೆ ಅವರೇ ಅಧ್ಯಕ್ಷರು. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಸಂಘದ ಒಂದೊಂದು ಶಾಖೆ. ನೆಟ್ ಹೋದರೆ ಮೂರು ಕಡೆಯೂ ಜನ ಕೌಂಟರಿನ ಮುಂದೆ ಆಕಳಿಸುತ್ತ ನಿಲ್ಲಬೇಕು. ಅಲ್ಲೆಲ್ಲ ಸಮಯಪ್ರಜ್ಞೆಯನ್ನು ಹಾಕಿಸಿ ಎಂದು ನಾನು ಗೌಡರ ಬೆನ್ನುಬಿದ್ದಿದ್ದೆ. ಕೊನೆಗೆ ಅವರು, "ಆಗ್ಲಿ, ಮಧ್ಯಾಹ್ನ ಮೂರಕ್ಕೆ ಕಾರ್ಯದರ್ಶಿ ಹೇರಂಬ್ರನ್ನ ಕರೆಸ್ತೀನಿ, ಮಾಡಿ ತೋರ್ಸು" ಎಂದರು. ಅವರು ಒಪ್ಪಿದರೆ ನಾನು ಮೂರು ತಾಲೂಕಿಗೆ ಸಾಫ್ಟ್‌ವೇರ್ ಕೊಟ್ಟವನು. ಒಪ್ಪದಿದ್ದರೆ ಊರವರು ಕರೆಯುವಂತೆ ಜೆರಾಕ್ಸ್ ಜಟ್ಟಿಂಗ. ಆ ಹೆಸರು ಕಳಚಿಕೊಳ್ಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಹಿಂದಿನ ದಿನವೇ ತೀರ್ಥಹಳ್ಳಿಗೆ ಹೋಗಿ ತಲೆಗೂದಲು ಕಪ್ಪು ಮಾಡಿಸಿಕೊಂಡು ಬಂದಿದ್ದೆ.

ಅವತ್ತು ಬೆಳಿಗ್ಗೆಯಿಂದ ಕೇಬಲ್ ನೆಟ್ ಇರಲಿಲ್ಲ, ಗೌಡರ ಹಾಟ್‌ಸ್ಪಾಟಿನಲ್ಲೇ ಕೆಲಸ ನಡೆದಿತ್ತು. ನಾನು ಬೇಗ ಊಟಕ್ಕೆ ಹೊರಟೆ. ನಾನಿಲ್ಲದಿದ್ದರೂ ಪ್ರೋಗ್ರಾಮ್ ನಡೆಯುತ್ತದೆಯೇ ನೋಡೋಣವೆಂದು ಕಂಪ್ಯೂಟರನ್ನು ಹಾಗೇ ಬಿಟ್ಟು ಬಾಗಿಲು ಹಾಕಿದೆ. ಮುಂದೆ ನಡೆದದ್ದನ್ನು ನಾನು ಕಂಡಿಲ್ಲ, ಆದರೆ ಊರಿನ ಪ್ರತಿಯೊಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ.

ನಾನು ಹೋದ ಮೇಲೆ ನಿಶಾಂತ್ ಬಂದು ನನ್ನ ಅಂಗಡಿಯ ನೆರಳಿಗೆ ಆಟೊ ನಿಲ್ಲಿಸಿ, ಆಂಪ್ಲಿಫಯರ್ ಆರಿಸದೆ, ಕೆರಿಯಪ್ಪನ ಹೋಟೆಲಿಗೆ ಊಟಕ್ಕೆ ಹೋದ. ಹತ್ತಿರದಲ್ಲಿ ಜೋರಾದ ಸ್ಪೀಕರ್ ಬಂದಿದೆ ಎಂದು ನನ್ನ ಪ್ರೋಗ್ರಾಮಿಗೆ ಗೊತ್ತಾಯಿತು. ಅದು ಗೋಡೆಯಾಚೆಯಿಂದಲೇ ಆಟೊದ ಎರಡು ಹಾರ್ನ್‌ಗಳನ್ನು ಕೈವಶ ಮಾಡಿಕೊಂಡಿತು. ಅದೇ ಹೊತ್ತಿಗೆ ಹೂವಯ್ಯ ಗೌಡರು ಮಂಡಗದ್ದೆ ಕಡೆಯ ಒಂದು ಮನೆಗೆ ಪಂಪಿನ ಫುಟ್‌ವಾಲ್ವ್ ಕೊಟ್ಟು ಬರಲು ಸ್ಕೂಟರ್ ಹತ್ತಿ, ಮೊಬೈಲನ್ನೂ ಅದರೊಳಗಿನ ಹಾಟ್‌ಸ್ಪಾಟನ್ನೂ ಜೇಬಿನಲ್ಲಿಟ್ಟುಕೊಂಡು ಹೊರಟರು.

ಬಸ್ ಸ್ಟ್ಯಾಂಡಿನ ತುಂಬ ನನ್ನ ದನಿ ಮೊಳಗಿತು.

"ಹೂವಯ್ಯನವರು ಹೋದರು."

ಸ್ಪಷ್ಟವಾಗಿ ಕೇಳಲೆಂದು ನಾನು ಇಲ್ಲೊಂದು ಸಣ್ಣ ಬಿಡುವು ಕೊಟ್ಟಿದ್ದೆ. ಆ ಬಿಡುವಿನಲ್ಲಿ ಹೋಟೆಲಿನಲ್ಲಿ ಒಂದು ಲೋಟ ಬಿತ್ತು.

"ಶಾಂತಮ್ಮನವರನ್ನು ಹಿಡಿದುಕೊಂಡಿದ್ದೇನೆ."

"ಅಯ್ಯೋ ದೇವ್ರೇ," ಎಂದು ಕೆರಿಯಪ್ಪ ಸೌಟು ಕೆಳಗಿಟ್ಟ. "ಪಾಪ, ಜಟ್ಟಿಂಗ ಒಬ್ನೇ ಹಿಡ್ಕಂಡಿದಾನೆ. ಬನ್ರೋ."

ಊಟಕ್ಕೆ ಕೂತವರು ಕೈತೊಳೆಯದೆ ಎದ್ದರು. ಯಾರೋ ಗೌಡರಿಗೆ ಫೋನ್ ಮಾಡಿದರು. ಮಂಡಗದ್ದೆ ದಾರಿಯ ಕಾಡಿನಲ್ಲಿ ಸಿಗ್ನಲ್ ಎಲ್ಲಿಯದು? ಫೋನಿನೊಳಗಿನ ಹೆಂಗಸು ಹೇಳಿದ್ದನ್ನು ಅವರು ಎಲ್ಲರಿಗೂ ತಗ್ಗಿದ ದನಿಯಲ್ಲಿ ತಿಳಿಸಿದರು. "ವ್ಯಾಪ್ತಿ ಪ್ರದೇಶದ ಹೊರಗೆ ಹೋಗಿದಾರಂತೆ." ಇದನ್ನು ಕೇಳಿ ಇಬ್ಬರು ತಲೆಯ ಮೇಲಿನ ಟವಲ್ ತೆಗೆದರು.

ಅಂಗಡಿಯ ಹಿಂದೆಯೇ ಗೌಡರ ಮನೆ. ಗಂಡನನ್ನು ಕಳಿಸಿ, ಮೊಬೈಲನ್ನು ಗಲ್ಲಾದ ಮೇಲೇ ಬಿಟ್ಟು ಒಳಗೆ ಹೋಗಿದ್ದ ಶಾಂತಮ್ಮನವರು ಆಗಷ್ಟೇ ಮಿಕ್ಸಿಯಲ್ಲಿ ಮಸಾಲೆ ರುಬ್ಬಿ ಮುಗಿಸಿದ್ದರು. ಆ ಸದ್ದಿನಲ್ಲಿ ಅವರಿಗೆ ಏನೂ ಕೇಳಿರಲಿಲ್ಲ. ಅವರು ಗಲ್ಲಾದ ಹತ್ತಿರ ಬಂದಾಗ ಕೆರಿಯಪ್ಪ ಎದುರಿಗೆ ನಿಂತು ಕೈಕಟ್ಟಿಕೊಂಡ.

"ಶಾಂತಕ್ಕಾ, ಗೌಡ್ರು ಹೋದ್ರಂತೆ?"

"ಹೂಂ, ಈಗಷ್ಟೇ ಹೋದ್ರು."

"ನಿಮ್ಮ ಎದುರಿಗೇ ಹೋದ್ರಾ?"

"ಮತ್ತೆ? ಇಲ್ಲೇ ನಿಂತಿದ್ನಲ್ಲ."

"ಹೋಗುವಾಗ ಎಂತಾದ್ರೂ ಅಂದ್ರಾ?"

"ಊಟಕ್ಕೆ ಬರ್ತೀನಿ ಅಂದ್ರು."

ಕೆರಿಯಪ್ಪ ಹಿಂತಿರುಗಿ ನೋಡಿದ. ಜನರೆಲ್ಲ ತಲೆ ಅಲ್ಲಾಡಿಸಿದರು. ದುಃಖ ಹೆಚ್ಚಾದರೆ ಹೀಗೇ ಆಗುವುದೆಂದು ಒಬ್ಬರು ಪಿಸುಗುಟ್ಟಿದರು.

"ಧೈರ್ಯ ತಗಳ್ಳಿ ಅಕ್ಕಾ. ಇನ್ನು ನೀವೊಬ್ರೇ..."

"ಅದಕ್ಕೆಂತಾ ಧೈರ್ಯ? ಅವ್ರು ದಿನಾ ಹೋಗ್ತಾರೆ," ಎಂದ ಶಾಂತಮ್ಮನವರು, ಒಲೆಯ ಮೇಲಿನ ಸಾರು ನೆನಪಾಗಿ ಮೊಬೈಲನ್ನು ಎತ್ತಿಕೊಂಡು ಒಳಗೆ ಹೋದರು. ಗೋಡೆ ಅಡ್ಡವಾಯಿತು. ಹೊರಗೆ ಹಾರ್ನ್ ಕೂಗಿತು.

"ಶಾಂತಮ್ಮನವರು ಕ್ಷೀಣವಾಗಿದ್ದಾರೆ. ಕೆರಿಯಪ್ಪನವರನ್ನು ಹಿಡಿದುಕೊಂಡಿದ್ದೇನೆ."

ಬಸ್ಸಿಗೆ ಕಾದಿದ್ದ ಹೆಂಗಸರು ಸೋಡಾ ಹಿಡಿದು ಅಡುಗೆಮನೆಗೆ ನುಗ್ಗಿ, ಒಗ್ಗರಣೆ ಹಾಕುತ್ತಿದ್ದ ಶಾಂತಮ್ಮನವರಿಗೆ ಮೊರದಿಂದ ಗಾಳಿ ಬೀಸಿದರು. ಒಗ್ಗರಣೆಯ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು ಬಂತು. ಇತ್ತ ಕೆರಿಯಪ್ಪ ತನ್ನನ್ನು ಯಾರು ಹಿಡಿದುಕೊಂಡಿದ್ದಾರೆಂದು ಎಡಕ್ಕೂ ಬಲಕ್ಕೂ ನೋಡಿಕೊಂಡ. ದುಃಖದಲ್ಲಿ ಯಾರು ಹಿಡಿದದ್ದೆಂದು ತನಗೆ ಗೊತ್ತಾಗಲಿಲ್ಲ ಎಂದು ಅವನು ಆಮೇಲೂ ಹೇಳುತ್ತಿದ್ದ.

ನಿಶಾಂತ್ ತೀರ್ಥಹಳ್ಳಿ ಶಾಖೆಯಲ್ಲಿದ್ದ ಹೇರಂಬರಿಗೆ ಫೋನ್ ಮಾಡಿದ. ಹೇರಂಬರು ಚುರುಕು ಮನುಷ್ಯ. ಜನರ ಸಾಲದ ಅರ್ಜಿಗೆ ತಿಂಗಳುಗಟ್ಟಲೆ ಯೋಚಿಸುವ ಅವರು ಸಂತಾಪ ಸೂಚಕ ನಿರ್ಣಯವನ್ನು ನಿಂತ ಕಾಲಲ್ಲಿ ಬರೆಸಿ, ಮೂರೂ ಶಾಖೆಗಳಿಗೆ ರಜೆ ಸಾರಿ, ದೊಡ್ಡದೊಂದು ಸುಗಂಧರಾಜ ಹಾರವನ್ನು ಬೈಕಿನ ಮುಂದೆ ನೇತುಹಾಕಿಕೊಂಡು ಹೊರಟರು.

ಇನ್ನು ನನ್ನ ಪ್ರವೇಶ. ಉಂಡು, ಒಂದು ಸಣ್ಣ ನಿದ್ದೆ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರೆ ಗೌಡರ ಅಂಗಡಿಯ ಮುಂದೆ ಊರಿಗೆ ಊರೇ ಸೇರಿದೆ. ನನ್ನ ಪ್ರಾತ್ಯಕ್ಷಿಕೆಗೆ ಇಷ್ಟು ಜನ ಬಂದರಲ್ಲ ಎಂದು ಒಂದು ಕ್ಷಣ ಎದೆಯುಬ್ಬಿತು. ಕೈಮುಗಿಯುತ್ತಲೇ ನಡೆದೆ. ಆಗ ಹಾರ ಹಿಡಿದು ನಿಂತಿದ್ದ ಹೇರಂಬರು ಕಾಣಿಸಿದರು. ಹಾರ ನನಗೇ ಇರಬಹುದೆಂದು ಕತ್ತನ್ನು ಸ್ವಲ್ಪ ಮುಂದೆ ಮಾಡಿದ್ದೂ ನಿಜ.

"ಎಂತಾ ಮಾಡೋದು ಜಟ್ಟಿಂಗಪ್ಪ," ಎಂದರು ಅವರು. "ಹೂವಯ್ಯನವರು ಹೋಗಿಬಿಟ್ರಲ್ಲ."

ನನಗೆ ಭೂಮಿ ಕುಸಿದಂತಾಯಿತು. "ಹೋದ್ರಾ? ಯಾವಾಗ?"

ಜನರೆಲ್ಲ ನನ್ನತ್ತ ತಿರುಗಿದರು. "ಯಾವಾಗ ಅಂದ್ರೆ? ಊರಿಗೆಲ್ಲ ಹೇಳಿದ್ದೇ ನೀನಲ್ಲನಾ ಮಾರಾಯ?" ಎಂದ ಕೆರಿಯಪ್ಪ.

ಇಲ್ಲಿ ಯಾವನೇ ಬುದ್ಧಿವಂತ, ನಾನು ಹೇಳಿಲ್ಲ, ನನಗೆ ಗೊತ್ತಿಲ್ಲ ಎನ್ನುತ್ತಿದ್ದ. ಆದರೆ ಅಷ್ಟು ಜನ ನನ್ನ ಬಾಯಿಂದ ವಿಷಯ ತಿಳಿಯಲು ಕಾದಿರುವುದನ್ನು ನಾನು ಜೀವನದಲ್ಲೇ ಕಂಡಿರಲಿಲ್ಲ. ಗೊತ್ತಿಲ್ಲವೆನ್ನಲು ಮನಸ್ಸು ಬರಲಿಲ್ಲ.

"ಹೌದು," ಎಂದೆ.

"ಎಂತಾಗಿತ್ತು?"

"ಹಾರ್ಟು."

"ದಾರೀಲಾ?"

"ದಾರೀಲೇ."

"ಎಲ್ಲಿಟ್ಟಿದಾರೆ?"

"ತರ್ತಾ ಇದಾರೆ."

ಇಷ್ಟು ಹೇಳುವುದರೊಳಗೆ ನನಗೇ ಅಳು ಉಕ್ಕಿ ಬಂತು. ಸಾಗರ ಹೋಯಿತು, ಹೊಸನಗರ ಹೋಯಿತು, ತೀರ್ಥಹಳ್ಳಿಯೂ ಹೋಯಿತು. ನಾನು ಬಿಕ್ಕಿಬಿಕ್ಕಿ ಅತ್ತೆ. ಅದನ್ನು ನೋಡಿ ಉಳಿದವರೂ ಅತ್ತರು. ಶಾಂತಮ್ಮನವರು ಹೊರಗೆ ಬಂದು, "ಎಂತ ಆಗಿದೆ ನಿಮ್ಗೆಲ್ಲ? ನಮ್ಮನೆಯವ್ರು ಊಟಕ್ಕೆ ಬರ್ತಾರೆ, ದಾರಿ ಬಿಡಿ" ಎಂದು ಗದರಿದರು. "ಬರ್ತಾರೆ ಅಕ್ಕಾ, ಬರ್ತಾರೆ" ಎಂದು ಎಲ್ಲರೂ ಮೆತ್ತಗೆ ಸಮಾಧಾನ ಮಾಡಿದರು. ಅವರು ಹಣೆ ಚಚ್ಚಿಕೊಂಡು ಒಳಗೆ ಹೋದರು. ಅದನ್ನೂ ಜನ ದುಃಖವೆಂದೇ ತಿಳಿದರು.

ಹೇರಂಬರು ನನ್ನನ್ನು ಎರಡು ಮಾತಾಡಲು ಹೇಳಿದರು. ನಾನು ಗೌಡರ ಅಂಗಡಿಯ ಮೆಟ್ಟಿಲು ಹತ್ತಿ, ಗೌಡರು ಈ ಊರಿನ ಮೊಳೆಮೊಳೆಯಲ್ಲೂ ಇದ್ದಾರೆ ಎಂದೇನೋ ಹೇಳಿ, ಕೊನೆಗೆ ಒಂದು ನಿಮಿಷ ಮೌನವಾಗಿರೋಣ ಎಂದೆ. ಎಲ್ಲರೂ ತಲೆತಗ್ಗಿಸಿದರು. ನಾನು ಬಾಯಿ ಬಿಗಿಯಾಗಿ ಮುಚ್ಚಿ ಕಣ್ಣನ್ನೂ ಮುಚ್ಚಿದೆ.

"ಹೂವಯ್ಯನವರು ಬಂದರು," ಎಂದೆ ನಾನು.

ಅಂದರೆ, ನಾನು ಅನ್ನಲಿಲ್ಲ. ನನ್ನ ದನಿ ಎಂದಿತು. ತುಟಿ ಮುಟ್ಟಿ ನೋಡಿಕೊಂಡೆ, ಮುಚ್ಚಿಯೇ ಇತ್ತು. ನನಗೆ ಎಲ್ಲವೂ ಒಮ್ಮೆಲೇ ಅರ್ಥವಾದದ್ದು ಆಗಲೇ. ಜನ ಮಾತ್ರ ಹೆಣ ಬಂತೆಂದು ಎರಡು ಬದಿಗೆ ಸರಿದು, ಆಂಬುಲೆನ್ಸಿಗೆ ದಾರಿ ಬಿಟ್ಟು, ಕೈಮುಗಿದು ನಿಂತರು.

ಆ ದಾರಿಯಲ್ಲಿ ಹೂವಯ್ಯ ಗೌಡರು ಸ್ಕೂಟರಿನ ಮೇಲೆ ಬಂದರು. ಜನ, ಮೌನ, ಹಾರ ನೋಡಿ ಅವರ ಮುಖ ಪೆಚ್ಚಾಯಿತು. ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಎಂತ ಮಾರಾಯ್ರೆ? ಯಾರು ಹೋದ್ರು?"

ಅಧ್ಯಕ್ಷರು ಪ್ರಶ್ನೆ ಕೇಳಿದರೆ ಉತ್ತರಿಸುವುದು ಕಾರ್ಯದರ್ಶಿಯ ಕರ್ತವ್ಯ.

"ನೀವು," ಎಂದರು ಹೇರಂಬರು.

ಮುಂದಿನ ವಿಚಾರಣೆಯನ್ನು ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ನಾನು ಅಂಗಡಿಯ ಬಾಗಿಲು ತೆಗೆದು, ಕಂಪ್ಯೂಟರನ್ನು ತೋರಿಸಿ, ಹಾಟ್‌ಸ್ಪಾಟ್, ಹಾರ್ನ್, ಬಹುವಚನ ಎಲ್ಲವನ್ನೂ ತೊದಲುತ್ತ ವಿವರಿಸಿದೆ. ಗೌಡರು ಕೊನೆಯವರೆಗೂ ಕೇಳಿಸಿಕೊಂಡರು.

"ಅದು ಮಿಷಿನ್ನು ಹೇಳಿದ್ದು. ಸರಿ. ಹಾರ್ಟು ಅಂತ ಯಾರು ಹೇಳಿದ್ದು?"

"ನಾನು."

"ನಿಂಗ್ಯಾರು ಹೇಳಿದ್ರು?"

"ಎಲ್ಲರೂ ಹೇಳಿದ್ರು, ಗೌಡ್ರೆ."

"ಅವ್ರಿಗ್ಯಾರು ಹೇಳಿದ್ರು?"

"ನಾನೇ."

"ಭಾರಿ ಅತ್ತಿ ಅಂತಲ್ಲ? ನನ್ನ ಮೇಲೆ ಅಷ್ಟು ಪ್ರೀತಿ ಇತ್ತನಾ?"

ಸುಳ್ಳು ಹೇಳಲು ನನ್ನಲ್ಲಿ ಇನ್ನು ತ್ರಾಣವಿರಲಿಲ್ಲ. "ಸಾಫ್ಟ್‌ವೇರಿನ ಆರ್ಡರ್ ಹೋಯ್ತಲ್ಲ ಅಂತ ಅತ್ತೆ, ಗೌಡ್ರೆ."

ಗೌಡರ ಮೀಸೆ ಅಲುಗಾಡಿತು. ಅದು ಸಿಟ್ಟೋ ನಗುವೋ ತಿಳಿಯುವ ಮೊದಲೇ ಹೇರಂಬರ ಫೋನ್ ಹೊಡೆದುಕೊಂಡಿತು. ಗಡಿಬಿಡಿಯಲ್ಲಿ ಅವರು ಸ್ಪೀಕರನ್ನೇ ಒತ್ತಿಬಿಟ್ಟರು. ಸಾಗರ ಶಾಖೆಯಿಂದ ಉಪಾಧ್ಯಕ್ಷ ರಾಜೇಂದ್ರರ ದನಿ ಗಟ್ಟಿಯಾಗಿ ಬಂತು.

"ಹೇರಂಬ್ರೆ, ನಾನು ಅಧ್ಯಕ್ಷರ ಚಾರ್ಜ್ ತಗಂಡಾಯ್ತು. ಹೊಸನಗರದವ್ರು, ತೀರ್ಥಳ್ಳಿಯವ್ರು ಫೋನಲ್ಲೇ ಒಪ್ಪಿದಾರೆ. ಹೂವಯ್ಯನೋರ ಫೋಟೊ ಒಂದು ಹಾಕ್ಸಬೇಕಲ್ಲ. ಹಾಲಲ್ಲಿ ಜಾಗ ಇಲ್ಲ, ಸ್ಟೋರ್ ರೂಮಿನ ಗೋಡೆ ಖಾಲಿ ಇದೆ. ಎಂತ ಹೇಳ್ತೀರಿ?"

ಗೌಡರು ಫೋನಿನ ಹತ್ತಿರ ಬಗ್ಗಿದರು.

"ಸ್ಟೋರ್ ರೂಮ್ ಬೇಡ ರಾಜೇಂದ್ರ. ಅಲ್ಲಿ ಇಲಿ ಕಾಟ."

"ಸರಿ ಬಿಡಿ, ಬೇರೆ ಕಡೆ... ಯಾರು ಮಾತಾಡೋದು?"

"ಫೋಟೊದವ್ನು."

ಸಾಗರದ ಕಡೆಯಿಂದ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿ ಫೋನ್ ಕಟ್ಟಾಯಿತು. ಹೇರಂಬರು ಹಾರವನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದರು, ಅದು ಬೆನ್ನಿಗಿಂತ ದೊಡ್ಡದಿತ್ತು. ಗೌಡರು ನನ್ನ ಜೆರಾಕ್ಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಹಳ ಹೊತ್ತು ನೆಲ ನೋಡಿದರು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಹಾಗಿದ್ದರೂ ಮೂರು ಗಂಟೆ ಹೊಡೆದಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

"ಗೌಡ್ರೆ, ಆ ಆರ್ಡರ್..."

ಅವರು ತಲೆಯೆತ್ತಿದರು. "ನಿನ್ನ ಸಾಫ್ಟ್‌ವೇರ್ ಎಂತ ಮಾಡ್ತದೆ ಅಂದಿ?"

"ಒಬ್ಬರು ಹೋದ ಕೂಡ್ಲೆ ಇನ್ನೊಬ್ಬರನ್ನ ಹಿಡ್ಕೊಳ್ತದೆ."

"ಅಷ್ಟೇ ತಾನೆ?"

"ಅಷ್ಟೇ."

"ಅದು ನಮ್ಮ ಸಂಘದಲ್ಲಿ ಮೊದ್ಲೇ ಇದೆ ಮಾರಾಯ," ಎಂದರು ಗೌಡರು. "ಸಾಗರ, ಹೊಸನಗರ, ತೀರ್ಥಳ್ಳಿ, ಮೂರೂ ಕಡೆ. ನಿಂದಕ್ಕಿಂತ ಜೋರಾಗೇ ಓಡ್ತದೆ."

ಮೊದಲು ನಕ್ಕವನು ನಾನು. ಆರ್ಡರ್ ಹೋದದ್ದು ನನ್ನದೇ ಎಂದು ನೆನಪಾಗುವ ಹೊತ್ತಿಗೆ ತಡವಾಗಿತ್ತು, ನಗು ನಿಲ್ಲಲಿಲ್ಲ. ಆಮೇಲೆ ಕೆರಿಯಪ್ಪ ನಕ್ಕ, ನಿಶಾಂತ್ ನಕ್ಕ, ಕೊನೆಗೆ ಗೌಡರೂ ನಕ್ಕರು. ಹೇರಂಬರು ಮಾತ್ರ ನಿರ್ಣಯವನ್ನು ಹಿಂದಕ್ಕೆ ಪಡೆಯಲು ನಿಯಮದಲ್ಲಿ ಅವಕಾಶವಿದೆಯೇ ಎಂದು ಯೋಚಿಸುತ್ತಿದ್ದರು.

ಅಷ್ಟರಲ್ಲಿ ಶಾಂತಮ್ಮನವರು ಬಾಗಿಲಿಗೆ ಬಂದರು.

"ಬರ್ತೀರೋ ಇಲ್ವೋ? ಎರಡು ಸಲ ಸಾರು ಬಿಸಿ ಮಾಡಿದೀನಿ. ಊರಿಗೆ ಊರೇ ಬಂದು, ಧೈರ್ಯ ತಗಳ್ಳಿ, ಧೈರ್ಯ ತಗಳ್ಳಿ ಅಂತ ನನ್ನ ತಲೆ ತಿಂದ್ರು. ಬರ್ತೀನಿ ಅಂದವ್ರು ಬರ್ದೆ ಎಲ್ಲಿಗೆ ಹೋಗ್ತಾರೆ?"

ಗೌಡರ ನಗು ನಿಂತಿತು. ಹೆಂಡತಿಯ ಮುಖವನ್ನು ಅವರು ಹೊಸದಾಗಿ ನೋಡುವವರ ಹಾಗೆ ನೋಡಿದರು. "ಬಂದೆ ಕಣೇ," ಎಂದು ಎದ್ದು, ಹೇರಂಬರ ಕೈಯಿಂದ ಹಾರ ತೆಗೆದುಕೊಂಡು ಅದನ್ನು ಆಕೆಯ ಕೈಗೆ ಕೊಟ್ಟರು. ಆಕೆ ಮೂಸಿ ನೋಡಿ, ಒಳ್ಳೆ ಹೂವು, ಯಾರು ತಂದದ್ದು ಎಂದು ಕೇಳಿದರು. ಹೇರಂಬರು ಬೈಕಿನ ಕೀಲಿ ಹುಡುಕತೊಡಗಿದರು.

ಒಳಗೆ ಹೋಗುವಾಗ ಆಕೆ ನನ್ನ ಕಡೆ ತಿರುಗಿದರು. "ನೀನೂ ಬಾರಾ ಜಟ್ಟಿಂಗ. ಅತ್ತು ಅತ್ತು ಮುಖ ಊದ್ಕಂಡಿದೆ."

ನಾನು ಮನೆಯಲ್ಲಿ ಗಡದ್ದಾಗಿ ಉಂಡು ಬಂದಿದ್ದೆ. ಆದರೂ ಹೋಗಿ ಕುಳಿತು, ಗೌಡರ ಪಕ್ಕದಲ್ಲಿ, ಇನ್ನೊಮ್ಮೆ ಉಂಡೆ.